ನಮ್ಮ ಕಾರು ಕುಡಿಯುವ ನೀರು

ತುಂಬದ ಪಾತ್ರೆ ಕಂಡರೆ ನನಗೆ ಸಮಾಧಾನವಿಲ್ಲ. ಇದು ನನ್ನೊಬ್ಬನ ರೋಗವೂ ಅಲ್ಲ. ರಾಯಚೂರಿನ ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬರುವುದು ಎರಡು ದಿನಕ್ಕೊಮ್ಮೆ, ಅದರ ಮನಸ್ಸು ಕೆಟ್ಟರೆ ಮೂರು ದಿನಕ್ಕೊಮ್ಮೆ. ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು, ತಂಬಿಗೆ, ಕೊನೆಗೆ ಚಹಾದ ಬೋಗುಣಿಯೂ ಕಂಠದ ತನಕ ತುಂಬಿರಬೇಕು. ಚಿಕ್ಕವನಿದ್ದಾಗ ಒಮ್ಮೆ ಅರ್ಧ ಕೊಡ ತುಂಬಿಸಿ ಗೋಲಿ ಆಡಲು ಓಡಿದ್ದಕ್ಕೆ ಅವ್ವ ಸಂಜೆಯವರೆಗೆ ನನ್ನನ್ನು ಮಾತಾಡಿಸಿರಲಿಲ್ಲ. ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಆದರೂ ಅರ್ಧ ತುಂಬಿದ ಕೊಡ ಕಂಡರೆ ಎದೆ ಈಗಲೂ ಧಸಕ್ಕೆನ್ನುತ್ತದೆ.

ಹದಿಮೂರು ವರ್ಷದ ನಮ್ಮ ಹಳೆಯ ಕಾರನ್ನು ಕೊಂಡದ್ದೇ ಅವ್ವನಿಗಾಗಿ. ಮೊಣಕಾಲು ನೋವಿನಿಂದ ಅವಳು ಬಸ್ಸು ಹತ್ತಲಾರಳು. ಅವಳ ತಂಗಿ, ಅಂದರೆ ನನ್ನ ಚಿಗವ್ವ, ಇರುವುದು ದೇವದುರ್ಗದಲ್ಲಿ. ತಿಂಗಳಿಗೊಮ್ಮೆ ಅಕ್ಕನನ್ನು ತಂಗಿಯ ಪಡಸಾಲೆಯಲ್ಲಿ ಇಳಿಸಿದರೆ ಇಬ್ಬರೂ ಎದುರುಬದುರು ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ಕೇಳದೆ, ಸಂಜೆ ತನಕ ಮಾತಾಡುತ್ತಾರೆ. ಈ ಸಲ ಚಿಗವ್ವನ ಮೊಮ್ಮಗಳ ಕುಬುಸವಿತ್ತು. ಬಸುರಿಗೆ ಕೊಡುವ ಹಸಿರು ಸೀರೆ, ಬಳೆ ಎಲ್ಲವನ್ನೂ ಅವ್ವ ಚೀಲಕ್ಕೆ ತುಂಬಿ ಹದಿನೈದು ದಿನ ಮೊದಲೇ ಬಾಗಿಲ ಪಕ್ಕ ಇಟ್ಟುಬಿಟ್ಟಿದ್ದಳು.

ಆಗಲೇ ಕಾರು ನೀರು ಕುಡಿಯಲು ಶುರು ಮಾಡಿತು. ಬಾನೆಟ್ ಎತ್ತಿದರೆ ಮೂಲೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಇದೆ, ಇಂಜಿನ್ನನ್ನು ತಣ್ಣಗಿಡುವ ಕೂಲೆಂಟ್ ಇರುವುದು ಅದರಲ್ಲಿ. ಬೆಳಿಗ್ಗೆ ತುಂಬಿಸಿ ಕಾರಿನಲ್ಲಿ ಶಾಲೆಗೆ ಹೋಗಿಬಂದು, ಮರುದಿನ ಬೆಳಿಗ್ಗೆ ನೋಡಿದರೆ ನಾಲ್ಕು ಬೆರಳು ಕಡಿಮೆ. ಕಾರಿನ ಕೆಳಗೆ ನೆಲದಲ್ಲಿ ಒಂದು ಹನಿಯೂ ಇಲ್ಲ. ನಾನು ಮತ್ತೆ ತುಂಬಿಸುವುದು, ಅದು ಮತ್ತೆ ಇಳಿಯುವುದು. ಬಾಯಿ ಬಿಟ್ಟು ಇದನ್ನು ಹೆಂಡತಿಯ ಮುಂದೆ ಹೇಳಿದ್ದೇ ತಪ್ಪಾಯಿತು.

"ನೀರು ಎಲ್ಲಿಗಿ ಹೋಗಾಕತ್ತದ ಅಂತ ಮೊದಲ ಹೇಳ್ರಿ," ಎಂದಳು ಶಾಂತಾ. "ಆಮ್ಯಾಲ ಅತ್ತೀನ ಗಾಡ್ಯಾಗ ಕೂಡಸ್ರಿ. ಈ ಬಿಸಲಾಗ ಕಲ್ಮಲ ದಾಟಿದ ಮ್ಯಾಲ ಗಾಡಿ ನಿಂತ್ರ ಅವರನ್ನ ಹೊತಗೊಂಡು ಹೋಗ್ತೀರೇನು?"

ಅವ್ವ ಬಾಗಿಲ ಪಕ್ಕದ ಚೀಲವನ್ನು ಎತ್ತಿ ಒಳಗಿನ ಅಲಮಾರಿಯಲ್ಲಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮಾನ್ವಿಯಲ್ಲಿರುವ ಶಾಂತಾಳ ತಮ್ಮ ಬಸವರಾಜನಿಗೆ ಫೋನ್ ಮಾಡಿದೆ. ಅವನು ಟ್ರ್ಯಾಕ್ಟರ್ ಇಟ್ಟುಕೊಂಡವನು. "ಹೆಡ್ ಗ್ಯಾಸ್ಕೆಟ್ ಹೋಗ್ಯಾದ ಮಾಮಾ, ಇಂಜಿನ್ನೇ ಬಿಚ್ಚಬೇಕು," ಎಂದು ಅಲ್ಲಿಂದಲೇ ತೀರ್ಪು ಕೊಟ್ಟ. ಹೋದ ವರ್ಷ ಕುರ್ಡಿಯ ಹೊಲದಲ್ಲಿ ಅವನ ಟ್ರ್ಯಾಕ್ಟರ್ ನಿಂತಾಗಲೂ ಇದನ್ನೇ ಹೇಳಿದ್ದ. ಅಂದು ಮುಗಿದದ್ದು ಡೀಸೆಲ್ಲು. ಇದು ನೆನಪಿದ್ದರೂ ಅವತ್ತು ನನಗೆ ಊಟ ಸೇರಲಿಲ್ಲ.

ಕೊನೆಗೆ ನಮ್ಮ ಮೆಕ್ಯಾನಿಕ್ ಮಹಬೂಬ್ ಸಾಬರ ಹತ್ತಿರ ಒಯ್ದೆ. ಅವರು ನಿಧಾನದ ಮನುಷ್ಯ. ಎಣ್ಣೆಯ ಮುಚ್ಚಳ ತೆಗೆದು ಒಳಗೆ ನೀರು ಸೇರಿದೆಯೇ ಎಂದು ನೋಡಿದರು, ಸೇರಿರಲಿಲ್ಲ. ಪೈಪುಗಳನ್ನು ಒಂದೊಂದಾಗಿ ಸವರಿದರು. ರೇಡಿಯೇಟರಿಗೆ ಪಂಪಿನಿಂದ ಗಾಳಿಯ ಒತ್ತಡ ಕೊಟ್ಟು, ಒಂದು ಚಹಾ ಕುಡಿದು ಬಂದು ಒತ್ತಡ ತೋರಿಸುವ ಮುಳ್ಳು ನೋಡಿದರು. ಅದು ಇಟ್ಟಲ್ಲೇ ಇತ್ತು. ಎಲ್ಲೂ ಸೋರಿಕೆಯಿಲ್ಲ.

"ಮೂರು ದಿನ ಗಾಡಿ ನನ್ನ ಕಡಿ ಬಿಡ್ರಿ ಸರ್," ಎಂದರು. ಮೂರು ದಿನ ತಾವೇ ಚಂದ್ರಬಂಡದವರೆಗೆ ಓಡಿಸಿದರು. ನೀರು ಒಂದು ಕೂದಲಿನಷ್ಟೂ ಇಳಿಯಲಿಲ್ಲ. ಗೆದ್ದೆನೆಂದು ಮನೆಗೆ ತಂದು ಡಬ್ಬಿ ತುಂಬಿಸಿದೆ. ಮರುದಿನವೇ ನಾಲ್ಕು ಬೆರಳು ಕಡಿಮೆ.

ಕುಬುಸಕ್ಕೆ ಎರಡೇ ದಿನ ಉಳಿದಿತ್ತು. ಮಹಬೂಬ್ ಸಾಬರು ಬೆಳಿಗ್ಗೆ ತಾವೇ ಮನೆಗೆ ಬಂದರು. "ನನ್ನ ಕಡಿ ಇದ್ದಾಗ ನೀರು ಹೋಗಂಗಿಲ್ಲ, ನಿಮ್ಮ ಮನಿಗಿ ಬಂದ್ರ ಹೋಗ್ತದ. ನೀವು ದಿನಾ ಏನ್ ಮಾಡ್ತೀರಿ, ಹಂಗೇ ಮಾಡ್ರಿ ಸರ್. ನಾ ನೋಡ್ತೀನಿ."

ನಾನು ದಿನದಂತೆ ತಾಮ್ರದ ತಂಬಿಗೆಯಲ್ಲಿ ನೀರು ತಂದೆ. ಡಬ್ಬಿಯ ಮುಚ್ಚಳ ತೆಗೆದು, ಒಂದು ಹನಿಗೂ ಜಾಗ ಉಳಿಯದಂತೆ ಕಂಠದ ತನಕ ಹೊಯ್ದೆ. ನನ್ನ ಕೆಲಸ ಯಾವಾಗಲೂ ಅಚ್ಚುಕಟ್ಟು.

ಮಹಬೂಬ್ ಸಾಬರು ಹೆಬ್ಬೆರಳಿನಿಂದ ಡಬ್ಬಿಯ ಮೇಲಿನ ಧೂಳು ಒರೆಸಿದರು. ಎರಡು ಗೆರೆ ಕಾಣಿಸಿದವು. "ಮ್ಯಾಲಿನ ಗೆರಿ ದಾಟಬಾರದು ಸರ್. ಇಂಜಿನ್ ಕಾದ್ರ ನೀರು ಉಬ್ಬತದ. ಉಬ್ಬಿದ್ದಕ್ಕ ಜಾಗ ಇಲ್ಲಂದ್ರ ಈ ಸಣ್ಣ ಪೈಪಿನಾಗಿಂದ ದಾರ್ಯಾಗ ಚೆಲ್ಲತದ. ತನಗ ಬೇಕಾದಷ್ಟು ಇಟಗೊಂಡು ಗೆರಿಗಿ ಬಂದು ನಿಲ್ತದ. ನೀವು ಮತ್ತ ತುಂಬಸ್ತೀರಿ. ಇದು ಗಾಡಿ ಅದ ಸರ್, ಡ್ರಮ್ ಅಲ್ಲ. ನಳದ ನೀರು ಹಾಕಿ ಹಾಕಿ ಕೂಲೆಂಟ್ ಮಜ್ಜಿಗಿ ನೀರು ಮಾಡಿಟ್ಟೀರಿ."

ಶಾಖಕ್ಕೆ ದ್ರವಗಳು ಹಿಗ್ಗುತ್ತವೆ ಎಂಬ ಪಾಠವನ್ನು ಇಪ್ಪತ್ತು ವರ್ಷಗಳಿಂದ ಮಾಡುತ್ತಿರುವವನು ನಾನು. ಇದನ್ನು ಮಹಬೂಬ್ ಸಾಬರಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಬಾಗಿಲಲ್ಲಿ ನಿಂತಿದ್ದ ಶಾಂತಾಳೇ ಹೇಳಿದಳು. ಅವ್ವ ಮಾತ್ರ ನನ್ನ ಪರ ವಹಿಸಿದಳು. "ಅರ್ಧ ತುಂಬಸಬಾರದು ಅಂತ ನಾನೇ ಕಲಿಸೀನಿ ಬಿಡವ್ವ," ಎಂದು ಒಳಗೆ ಹೋಗಿ ಅಲಮಾರಿಯಿಂದ ಚೀಲ ತಂದು ಬಾಗಿಲ ಪಕ್ಕ ಇಟ್ಟಳು. ನನಗೆ ಕಣ್ಣು ತುಂಬಿ ಬಂತು. ಅಂದೇ ಮಹಬೂಬ್ ಸಾಬರು ಹಳೆಯ ನೀರು ಚೆಲ್ಲಿ, ಹೊಸ ಕೂಲೆಂಟನ್ನು ಗೆರೆಯ ತನಕ ಹಾಕಿಕೊಟ್ಟರು.

ಕುಬುಸದ ದಿನ ಅವ್ವ, ಶಾಂತಾ, ನಾನು ಮೂವರನ್ನೂ ಹೊತ್ತು ಕಾರು ಒಂದು ಸಲವೂ ಕೆಮ್ಮದೆ ದೇವದುರ್ಗ ಮುಟ್ಟಿತು. ಅವ್ವ ಇಳಿದವಳೇ ತಂಗಿಯ ಕೈ ಹಿಡಿದು ಮಾತು ಶುರು ಮಾಡಿದಳು. ನಾನು ಊಟಕ್ಕೆ ಕೂತೆ. ತಟ್ಟೆಯಲ್ಲಿ ಖಾಲಿ ಜಾಗ ಕಂಡಾಗಲೆಲ್ಲ ಚಿಗವ್ವ ಹೋಳಿಗೆ ಹಾಕುತ್ತಿದ್ದಳು. ಖಾಲಿ ಜಾಗ ನನಗೂ ಆಗದು, ಕೈ ಅಡ್ಡ ಹಿಡಿಯಲಿಲ್ಲ. ಏಳೋ ಎಂಟೋ ಆಗಿರಬೇಕು, ತುಪ್ಪದ ಲೆಕ್ಕ ದೇವರಿಗೇ ಗೊತ್ತು.

ವಾಪಸ್ ಬರುವಾಗ ಕಲ್ಮಲ ಇನ್ನೂ ದೂರವಿರುವಾಗಲೇ ಕಾರನ್ನು ಗಕ್ಕನೆ ಬದಿಗೆ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ಬೇವಿನ ಮರದ ಹಿಂದಕ್ಕೆ ಓಡಿದೆ. ಹಿಂದಿನ ಸೀಟಿನಲ್ಲಿ ಅವ್ವ ಗಾಬರಿಯಾದಳು.

"ಯಾಕ ನಿಂತಿತವ್ವ? ಗಾಡಿಗಿ ಏನಾತು?"

"ಗಾಡಿಗಿ ಏನೂ ಆಗಿಲ್ರಿ ಅತ್ತಿ," ಎಂದ ಶಾಂತಾಳ ದನಿ ಮರದ ತನಕ ಸ್ಪಷ್ಟವಾಗಿ ಕೇಳಿಸಿತು. "ಅದಕ್ಕ ಗೆರಿ ಅದ. ನಿಮ್ಮ ಮಗಗ ಇಲ್ಲ."