ಬಚ್ಚಲಲ್ಲಿ ಪೆರು

ಫೋನಿನ ಟವರು ಸರಿಮಾಡುವವನಿಗೆ ಇಂಥ ತಮಾಷೆಗಳು ಆಗುತ್ತಲೇ ಇರುತ್ತವೆ. ಲಾಕ್‌ಡೌನಿನವುಗಳಿಗೆ ಮಾತ್ರ ನಗು ಬರಲು ಬಹಳ ದಿನ ಹಿಡಿಯಿತು.

ನಾವಿದ್ದ ಪರದೇಶದ ಊರು ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆಯಿಂದ ನಾನು ಪೆರು ದೇಶದ ಮೊಬೈಲ್ ಟವರುಗಳನ್ನು ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಒಂದು ಬೆಟ್ಟದೂರಿಗೆ ಇದ್ದದ್ದು ಒಂದೇ ಟವರು. ಅದು ದಿನಾ ಸಂಜೆ ಸಾಯುತ್ತಿತ್ತು, ಬೆಳಿಗ್ಗೆ ಬದುಕುತ್ತಿತ್ತು. ಅದರ ಕಾವಲುಗಾರನ ಹೆಂಡತಿ ಕೊರೊನಾ ಬಂದು ಲಿಮಾದ ಆಸ್ಪತ್ರೆಯಲ್ಲಿದ್ದಳು. ಅಲ್ಲಿಂದ ಮನೆಯವರಿಗೆ ಫೋನು ಮಾಡಿಸುತ್ತಿದ್ದದ್ದು ಸಂಜೆ ಏಳಕ್ಕೆ ಮಾತ್ರ.

೧. ಮೀಟಿಂಗು

ವೈಫೈ ಮಗಳ ಆನ್‌ಲೈನ್ ಕ್ಲಾಸಿಗೆ ಹೋಯಿತು. ಮೊಬೈಲಿಗೆ ಸಿಗ್ನಲ್ ಇದ್ದದ್ದು ಬಚ್ಚಲಲ್ಲಿ. "ಯೂ ವಿಲ್ ಬಿ ಗ್ರ್ಯಾಂಡ್ ಇನ್ ದೇರ್, ಅಪ್ಪಾ," ಎಂದಳು ಇಲ್ಲಿನವರ ಧಾಟಿಯಲ್ಲಿ, ಅಲ್ಲಿ ಆರಾಮಾಗಿರ್ತೀಯ ಅಂತ. ಒಣ ಟಬ್ಬಿನಲ್ಲಿ ಕೂತು ಆ ಟವರಿನ ಬಗ್ಗೆ ಮೀಟಿಂಗು ನಡೆಸಿದೆ. ನನ್ನ ಹೆಂಡತಿ ಡಾಕ್ಟರು. ಡ್ಯೂಟಿಯಿಂದ ಬಂದರೆ ಏನನ್ನೂ ಮುಟ್ಟದೆ ನೇರ ಸ್ನಾನಕ್ಕೆ. ಬಾಗಿಲು ಬಡಿದಳು.

"ರೀ, ನಿಮ್ಮ ಪೆರುನ ಹೊರಗೆ ಕರ್ಕೊಂಡ್ ಬನ್ನಿ. ನಾನು ಸ್ನಾನ ಮಾಡ್ಬೇಕು."

೨. ಕೋಳಿಮರಿ

ಟವರಿನ ಬುಡದ ಕೋಣೆಯ ಬಾಗಿಲು ಪದೇ ಪದೇ ತೆರೆಯುತ್ತಿದೆ ಎಂದು ನನ್ನ ಪರದೆ ಹೇಳಿತು. ಲಿಮಾದ ಸಹೋದ್ಯೋಗಿಯೊಬ್ಬಳು ನಡುವೆ ನಿಂತು ಕಾವಲುಗಾರನ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು. ಹೊರಗೆ ಚಳಿ, ಬ್ಯಾಟರಿ ಬೆಚ್ಚಗಿರುತ್ತದೆ, ಕೋಳಿಮರಿ ಸಾಕಿದ್ದಾನೆ. ಟವರಿನ ದೋಷ ಸಿಕ್ಕಿತು ಎಂದುಕೊಂಡೆ. ಅಲ್ಲಿ ಇಡುವುದು ಅಪಾಯ ಎಂದೆ.

"ಕೊರೊನಾ ನಿಯಮದ ಪ್ರಕಾರ ಎರಡು ಮೀಟರ್ ದೂರದಲ್ಲೇ ಇಟ್ಟಿದ್ದೇನೆ, ಸರ್."

೩. ಏಳು ಗಂಟೆ

ಮರಿಗಳು ಅವನ ಮನೆಗೆ ಹೋದವು. ಟವರು ಸಂಜೆ ಮತ್ತೆ ಸತ್ತಿತು. ಹೀಗೆ ಒಟ್ಟು ಒಂಬತ್ತು ದಿನ.

"ಅವನಿಗೆ ಫೋನ್ ಬಂತಾ?" ನನ್ನ ಹೆಂಡತಿ ದಿನಾ ಕೇಳುತ್ತಿದ್ದಳು. ವಾರ್ಡಿನಲ್ಲಿ ರೋಗಿಗಳ ಕಿವಿಗೆ ಫೋನು ಹಿಡಿಯುವುದು ಅವಳೇ. "ಆ ಕಡೆ ಯಾರೂ ಎತ್ತದಿದ್ರೆ ಸುಮ್ನೆ ಸೂರು ನೋಡ್ತಾರೆ ಕಣ್ರೀ."

ಹತ್ತನೆಯ ದಿನ ಕಾವಲುಗಾರ ಫೋನಿನಲ್ಲಿ ಅತ್ತುಬಿಟ್ಟ. ಬೇರೇನೂ ತೋಚದೆ, ಸಂಜೆ ಏನೇನು ಮಾಡುತ್ತೀರಿ ಎಂದು ಕೇಳಿದೆ.

"ಕರ್ಫ್ಯೂ ಅಲ್ವಾ ಸರ್. ಆರಕ್ಕೆ ಎಲ್ಲಾ ಮುಚ್ಚಬೇಕು ಅಂತ ಪೊಲೀಸರು ಹೇಳಿದ್ದಾರೆ. ಟವರ್ ಆಫ್ ಮಾಡಿ, ಬೀಗ ಹಾಕಿ, ಮನೆಗೆ ಹೋಗಿ ಅವಳ ಫೋನಿಗೆ ಕಾಯ್ತೀನಿ."

ಆ ಟವರಿಂದಲೇ ನಿಮ್ಮ ಫೋನು ಬರುವುದು ಎಂದೆ. ಇವತ್ತು ಮುಚ್ಚಬೇಡಿ ಎಂದೆ.

ಮರುದಿನ ಲಿಮಾದವಳನ್ನು ನಡುವೆ ಇಟ್ಟುಕೊಂಡು ಅವನೇ ಫೋನು ಮಾಡಿದ. ಹೆಂಡತಿ ಮಾತಾಡಿದಳಂತೆ. ಉಸಿರು ಪರವಾಗಿಲ್ಲವಂತೆ. ಒಂಬತ್ತು ದಿನ ಫೋನ್ ಯಾಕೆ ಎತ್ತಲಿಲ್ಲ ಎಂದು ಒಂದೇ ಸಮನೆ ಬೈದಳಂತೆ. ಇನ್ನು ದಿನಾ ಏಳಕ್ಕೆ ಮಾಡುತ್ತಾಳಂತೆ.

"ಸರ್," ಎಂದ ಮೆಲ್ಲಗೆ, "ಇವತ್ತಿಂದ ಮತ್ತೆ ಆರಕ್ಕೆ ಮುಚ್ಚಲಾ?"