ಗುರುಸಿದ್ಧವ್ವನ ಚಮಚ ಪ್ರತಿಜ್ಞೆ

ಎಲೈ ಸಹೃದಯರೇ, ಒಲೆಯ ಮೇಲಿನ ಪಾತ್ರೆಯನ್ನಿಳಿಸಿ, ಕಿವಿಗಳನ್ನು ನಿಮಿರಿಸಿ ಆಲಿಸಿರಿ! ಕಲಿಯುಗದಲ್ಲಿ, ವೀಸಾದೇವತೆಯು ಬಹುಪ್ರದಕ್ಷಿಣೆಗಳ ತರುವಾಯ ಪ್ರಸನ್ನಳಾದ ಶುಭಗಳಿಗೆಯಲ್ಲಿ, ಗದಗ ಪಟ್ಟಣದ ಶುಂಠ್ಯೇಲಾಸಮೇತ-ಕ್ಷೀರಬಹುಳ-ಚಹಾಪಾಕ-ಧುರಂಧರೆಯೂ, ಬಸಿಯಲ್ಲಿ ಸುರಿದು ಸುರ್ರೆಂದು ಹೀರುವ ನಾದಮಾತ್ರದಿಂದ ನೆರೆಮನೆಯ ಬೆಕ್ಕನ್ನೆಬ್ಬಿಸಬಲ್ಲವಳೂ ಆದ ಗುರುಸಿದ್ಧವ್ವನೆಂಬ ವೀರನಾರಿಯು, ಏಕಮಾತ್ರ ಪುತ್ರಿಯ ವಿವಾಹಕ್ಕಾಗಿ ಸಾಗರಗಳನ್ನು ಲಂಘಿಸಿ, ಜರ್ಮನಿಯ ವಾಯವ್ಯದಂಚಿನ ಓಸ್ಟ್‌ಫ್ರೀಸ್‌ಲಾಂಡ್ ಎಂಬ ಸೀಮೆಗೆ ಬಿಜಯಂಗೈದ ಮೇಲೆ ನಡೆದ ಘೋರಸಂಗ್ರಾಮವಿದು.

ಪುತ್ರಿಯ ಹೆಸರು ಶಕ್ಕು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ವರನ ಹೆಸರು ಎನ್ನೋ. ಚೌಕಟ್ಟಿಗೆ ಹಣೆ ತಾಗಿಸದೆ ಯಾವ ಬಾಗಿಲನ್ನೂ ದಾಟಲಾರದ ದೀರ್ಘಕಾಯ. ಅವನ ಜನನಿಯೇ ಹಿಲ್ಕೆ: ಶ್ವೇತಕೇಶಿ, ನೀಲಲೋಚನೆ, ಪಿಂಗಾಣಿಭಾಂಡ-ಸಾಮ್ರಾಜ್ಯದ ಏಕಚ್ಛತ್ರಾಧೀಶ್ವರಿ.

ವೈರದ ಬೀಜ ಬಿದ್ದದ್ದು ನೆಗಡಿಯಿಂದ. ವಿಮಾನವಿಳಿದೊಡನೆ ಸೀನತೊಡಗಿದ ಬೀಗತಿಗೆ ಹಿಲ್ಕೆಯು ವಾತ್ಸಲ್ಯದಿಂದ ಬೆಳಿಗ್ಗೆ ಕ್ಯಾಮೊಮೈಲ್ ಹೂವಿನ ಚಹಾ, ಮಧ್ಯಾಹ್ನ ಪುದೀನಾ ಎಲೆಯ ಚಹಾ, ಸಂಜೆಗೆ ಕಾಡುಗುಲಾಬಿಯ ಕಾಯಿ, ಪುಂಡಿಹೂವು ಕುದಿಸಿದ ರಕ್ತವರ್ಣದ ಹಣ್ಣಿನ ಚಹಾ ತಂದಿಟ್ಟಳು.

"ಏ ಶಕ್ಕೂ, ಚಹಾ ಕೇಳಿದ್ರ ಈಕಿ ಹೂವಿನ ನೀರು ಕೊಡ್ತಾಳಲ್ಲ?"

"ಅವ್ವಾ, ಇಲ್ಲೆ ನೆಗಡಿ ಆದ್ರ, ಹೊಟ್ಟಿ ಕೆಟ್ರ ಇದನ್ನ ಕುಡೀತಾರ. ನನಗೂ ಇದ ರೂಢಿ ಆಗೇದ. ಕುಡದು ನೋಡು, ಛಲೋ ಇರ್ತೈತಿ."

'ಛಲೋ' ಎಂಬ ಆ ಎರಡಕ್ಷರವು ಬಾಣದಂತೆ ನಾಟಿತು. ಹುಟ್ಟಿದಂದಿನಿಂದ ತನ್ನ ಕೈಯ ಚಹಾ ಕುಡಿದು ಬೆಳೆದ ಮಗಳು! ನಾಲಿಗೆಯೇ ಪರರ ಪಾಲಾದ ಮೇಲೆ ಮಗಳು ಇನ್ನೆಷ್ಟು ದಿನ ತನ್ನವಳು? ಗುರುಸಿದ್ಧವ್ವ ಕಷಾಯವನ್ನು ನುಂಗಿದಳು, ಕಣ್ಣೀರನ್ನೂ ನುಂಗಿದಳು. ಅಸೂಯೆಯೊಂದನ್ನು ಮಾತ್ರ ನುಂಗಲಾಗಲಿಲ್ಲ.

ಬಂತು ಭಾನುವಾರದ ಅಪರಾಹ್ಣ. ಆ ಸೀಮೆಯ ಮಹಾಚಹಾಪಾನದ ಮುಹೂರ್ತ. ಬಿಳಿಯ ಹಾಸಿನ ಮೇಲೆ ಗುಬ್ಬಿಗೂ ಸಾಲದಷ್ಟು ಪುಟ್ಟ ಬಟ್ಟಲುಗಳು ವ್ಯೂಹಗೊಂಡವು. ಹಿಲ್ಕೆ ಬಟ್ಟಲಿಗೆ ಕಲ್ಲುಸಕ್ಕರೆಯ ಹರಳಿಟ್ಟು, ಕಡುಗಪ್ಪು ಚಹಾ ಸುರಿದಳು. ಹರಳು ಚಟಚಟನೆ ಸಿಡಿಯಿತು. ಅಂಚಿನಿಂದ ಕೆನೆ ಇಳಿಬಿಟ್ಟಳು. ಅದು ಶ್ರಾವಣದ ಮೋಡದಂತೆ ಮೇಲೆದ್ದಿತು.

"ಅವ್ವಾ, ತಿರುವಬ್ಯಾಡ ಮತ್ತ! ಮೊದಲ ಕೆನಿ, ಆಮ್ಯಾಲ ಕಹಿ, ಕಡೀಕ ಸಿಹಿ. ಹಂಗ ಕುಡೀಬೇಕು ಇದನ್ನ..."

ಅಷ್ಟರಲ್ಲಿ, ಅಯ್ಯೋ, ಮಂದರಪರ್ವತವು ಕ್ಷೀರಸಾಗರವನ್ನು ಕಡೆದಂತೆ ಗುರುಸಿದ್ಧವ್ವನ ಚಮಚವು ಗರಗರನೆ ತಿರುಗಿಯಾಗಿತ್ತು! ಮೋಡ ಚದುರಿತು. ಹಿಲ್ಕೆಯ ಕಂಠದಿಂದ ಬಲೆಗೆ ಸಿಕ್ಕಿಬಿದ್ದ ಮೊಲದಂಥ ಸಣ್ಣ ಚೀತ್ಕಾರ ಹೊರಟಿತು. ಆಕೆ ಕೈನೀಡಿ, ಮಗುವಿನ ಕೈಯಿಂದ ಕತ್ತರಿ ಬಿಡಿಸುವಂತೆ, ಮೆಲ್ಲನೆ ಚಮಚವನ್ನು ಬಿಡಿಸಿ, ಒರೆಸಿ, ಬಸಿಯ ಮೇಲಿಟ್ಟಳು.

ಮಗಳೆದುರಿನಲ್ಲಿ ಇಂಥ ಮಾನಭಂಗ! ಗುರುಸಿದ್ಧವ್ವ ಸೆರಗು ಬಿಗಿದು ಗರ್ಜಿಸಿದಳು:

"ಎಲೌ ಹಿಮಶೀತಲಹಸ್ತೆ! ಹಂಡೆಗಟ್ಟಲೆ ಚಹಾ ಕಾಸಿ ಮದುವೆಮನೆಗಳನ್ನು ಮಣಿಸಿದ ಈ ಭುಜಗಳನ್ನರಿಯೆಯಾ? ಕೇಳಲಿ ದಿಕ್ಪಾಲಕರು! ಇಂದಿನಿಂದ ಈ ಮನೆಯ ಚಮಚವನ್ನು ನಾನು ಮುಟ್ಟೆನು! ನೀನೆಷ್ಟು ಸುರಿದರೂ ಕುಡಿವೆನು, ಬಟ್ಟಲು ಬಿಟ್ಟೇಳೆನು!"

ಹಿಲ್ಕೆ ಗಾಬರಿಯಿಂದ ಸೊಸೆಯಾಗಲಿರುವವಳತ್ತ ನೋಡಿದಳು. ಶಕ್ಕು ಬೆವರೊರೆಸಿಕೊಂಡು ಆ ಮಹಾಭಾಷಣವನ್ನು ಜರ್ಮನ್ ನುಡಿಗಿಳಿಸಿದಳು: "ಚಹಾ ಭಾಳ ರುಚಿ ಆಗೇದಂತ."

ಹಿಲ್ಕೆಯ ಮುಖವರಳಿತು. ಅದೇ ಕ್ಷಣ ಶಕ್ಕೂಳ ಫೋನು ಮೊಳಗಿತು. ಮದುವೆಗೆ ಹೂ ಒದಗಿಸುವವಳು. ಶಕ್ಕು ತೋಟಕ್ಕೆ ಧಾವಿಸಿದಳು; ಕಣದಲ್ಲುಳಿದವರು ಇಬ್ಬರೇ, ನಡುವೆ ಇಬ್ಬರಿಗೂ ತಿಳಿಯುವ ಒಂದು ಪದವೂ ಇಲ್ಲದೆ.

ಈಗ ಸಹೃದಯರಿಗೆ ಆ ಸೀಮೆಯ ಧರ್ಮಸೂಕ್ಷ್ಮವನ್ನರುಹಬೇಕು. ಅಲ್ಲಿ ಅತಿಥಿಯು ತನ್ನ ಚಮಚವನ್ನು ಬಟ್ಟಲೊಳಗಿಟ್ಟರೆ 'ಸಾಕು' ಎಂದರ್ಥ. ಇಡುವವರೆಗೂ ಸುರಿಯುತ್ತಲೇ ಇರುವುದು ಗೃಹಿಣಿಯ ವ್ರತ. ಇತ್ತ ಚಮಚ ಮುಟ್ಟೆನೆಂಬ ಪ್ರತಿಜ್ಞೆ, ಅತ್ತ ಚಮಚ ಕಾಣದೆ ನಿಲ್ಲಿಸೆನೆಂಬ ವ್ರತ. ಇನ್ನು ತಡೆಯುವವರಾರು?

"ಬಿಟ್ಟೆ," ಎನ್ನುತ್ತ ಹಿಲ್ಕೆ ಸುರಿದಳು. 'ದಯವಿಟ್ಟು ತೊಗೊಳ್ಳಿ' ಎಂಬುದಕ್ಕೆ ಅವರ ಮಾತು ಅದು.

"ಬಿಟ್ಟೆ, ಬಿಟ್ಟೆ ಅಂತಾಳ, ಬಿಡವಲ್ಲಳು!" ಎಂದು ಗೊಣಗಿ ಗುರುಸಿದ್ಧವ್ವ ಕುಡಿದಳು. ತಿರುವದೆ ಕುಡಿದಾಗ ತುಟಿಗೆ ಕೆನೆ ಸೋಕಿತು. ನಾಲಿಗೆಗೆ ಕಹಿ ಹತ್ತಿತು. ಮುಖ ಸಿಂಡರಿಸುವಷ್ಟರಲ್ಲಿ, ತಳದಿಂದ ಸಿಹಿ ಏರಿ ಬಂತು. 'ಅಯ್ಯ ಇವಳ, ಛಲೋನ ಐತಲ್ಲ!' ಎಂದು ಒಳಗೊಳಗೇ ಬೆರಗಾದಳು. ಮುಖದಲ್ಲಿ ಮಾತ್ರ ಗೆರೆಯೂ ಕದಲಲಿಲ್ಲ.

ಸುರಿದಳು, ಕುಡಿದಳು. ಮತ್ತೆ ಸುರಿದಳು; ಮತ್ತೆ ಕುಡಿದಳು. ಅತಿಥಿಯನ್ನು ಒಂಟಿಯಾಗಿ ಕುಡಿಯಗೊಡುವುದು ಅನಾಚಾರವಾದ್ದರಿಂದ ಹಿಲ್ಕೆಯೂ ಸಮಸಮ ಕುಡಿಯುತ್ತ ಬಂದಳು. ಪಾತ್ರೆ ಬರಿದಾಯಿತು, ಪುನಃ ತುಂಬಿತು. ಗುರುಸಿದ್ಧವ್ವನ ಹಣೆಯ ವಿಭೂತಿ ಬೆವರಿಗೆ ಕರಗಿತು. ಹಿಲ್ಕೆಯ ನೀಲಲೋಚನಗಳು ತೇಲಿದವು. ಈ ಹೆಂಗಸಿಗೆ ಇನ್ನೂ ತೃಪ್ತಿಯಾಗಲಿಲ್ಲವೇ ಎಂದು ಅವಳ ಚಿಂತೆ. ಈ ಹೆಂಗಸಿಗೆ ಇನ್ನೂ ದಣಿವಾಗಲಿಲ್ಲವೇ ಎಂದು ಇವಳ ಚಿಂತೆ.

ಆಗ, ಅಣೆಕಟ್ಟು ತುಂಬಿದ ಮೇಲೆ ಗೇಟುಗಳು ಕಂಪಿಸುವಂತೆ, ಉಭಯವೀರೆಯರ ಉದರಾಧೋಭಾಗದಲ್ಲಿ ಏಕಕಾಲಕ್ಕೆ ಪ್ರಳಯಸೂಚನೆಯಾಯಿತು. ಇಬ್ಬರೂ ತಟ್ಟನೆದ್ದರು. ಆ ಮನೆಗಿದ್ದ ಏಕೈಕ ಶೌಚಾಲಯದ ಬಾಗಿಲಲ್ಲಿ ಎದುರುಬದುರಾದರು.

ಹಿಲ್ಕೆ ಬಾಗಿಲು ತೆರೆದು, ಪಕ್ಕಕ್ಕೆ ಸರಿದು, ಕೈತೋರಿದಳು. ಮೊದಲು ನೀವು.

ಗುರುಸಿದ್ಧವ್ವನ ಎದೆಯಲ್ಲಿ ಏನೋ ಸಡಿಲಾಯಿತು. ಇಂಥ ಸಂಕಟದಲ್ಲಿ ತನ್ನ ಸರದಿಯನ್ನು ಬಿಟ್ಟುಕೊಡುವವಳು ಮಗಳಿಗೆ ಕೆಟ್ಟ ಅತ್ತೆಯಾದಾಳೇ?

"ಇಲ್ರೀ, ನಿಮ್ಮನಿ ಇದು. ನೀವು ಹೋಗ್ರಿ."

ಹಿಲ್ಕೆ ತಲೆಯಾಡಿಸಿ ಅವಳನ್ನು ಒಳನೂಕಿದಳು. ಇವಳು ಅವಳ ರಟ್ಟೆ ಹಿಡಿದು ಒಳಗೆಳೆದಳು. ಔದಾರ್ಯದ ಆ ಮಲ್ಲಯುದ್ಧವು ಜಯಾಪಜಯಗಳಿಲ್ಲದೆ ಸಾಗಿರಲು, ಅಂಗಳದಲ್ಲಿ ಸೈಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದ ಎನ್ನೋ, ಶಿಳ್ಳೆ ಹಾಕುತ್ತ ಒಳಬಂದು, ತಾಯಂದಿರಿಬ್ಬರು ಅಪ್ಪಿಕೊಂಡಿರುವುದನ್ನು ಕಂಡು ಕಣ್ತುಂಬಿ, ಇಬ್ಬರಿಗೂ ನಮಸ್ಕರಿಸಿ, ನಡುವೆ ನುಸುಳಿ ಒಳಹೊಕ್ಕು ಚಿಲಕ ಹಾಕಿಕೊಂಡ.

ಎರಡು ಖಂಡಗಳ ಮುಷ್ಟಿಗಳು ಒಂದೇ ಬಾಗಿಲ ಮೇಲೆ ಬಿದ್ದವು.

"ಎನ್ನೋ!"

"ಏ ಅಳಿಯಾ, ಲಗೂ ಹೊರಗ ಬಾರೋ!"

ಫೋನು ಮುಗಿಸಿ ಬಂದ ಶಕ್ಕು ಕಂಡದ್ದೇನು? ಕಾಲು ಹೆಣೆದುಕೊಂಡು, ಒಬ್ಬರನ್ನೊಬ್ಬರು ಬಿಗಿಹಿಡಿದು ನಿಂತ ಅವ್ವ ಮತ್ತು ಅತ್ತೆ. ಹಿಲ್ಕೆಗೆ ನಗು ಉಕ್ಕಿ ಉಕ್ಕಿ ಬರುತ್ತಿತ್ತು.

"ನಗಿಸಬ್ಯಾಡ್ರಿ ಬೀಗತಿ," ಗುರುಸಿದ್ಧವ್ವ ಗೋಗರೆದಳು, "ನಕ್ರ ಮುಗೀತು ನನ್ನ ಕತಿ!"

ಒಳಗಿನಿಂದ ದಿನಪತ್ರಿಕೆಯ ಪುಟ ಮಗುಚಿದ ಸದ್ದು ಕೇಳಿಸಿತು.