ಬಲೆಯಿಲ್ಲದ ರಿಂಗು

ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ. ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿ ಕಳಿಸಿದರು. ಅಂದಿನಿಂದ ಗ್ಯಾಸ್ ಆರಿಸಿದೆನೇ ಎಂದು ನೋಡಲು ಬೀದಿಯ ತುದಿಯಿಂದ ವಾಪಸು ಬರುತ್ತೇನೆ. ಒಂದು ನೆನಪನ್ನು ಮಾತ್ರ ಯಾವತ್ತೂ ಪರೀಕ್ಷಿಸಿರಲಿಲ್ಲ. ಹೊಸದುರ್ಗದಲ್ಲಿ ನಡೆದ ಕಾಲೇಜು ಪಂದ್ಯದ ಕೊನೆಗಳಿಗೆಯಲ್ಲಿ ನಾನು ದೂರದಿಂದ ಎಸೆದ ಚೆಂಡು ಹಲಗೆಗೂ ರಿಂಗಿಗೂ ತಾಗದೆ ಒಳಗಿಳಿದು, ನಾವು ಗೆದ್ದದ್ದು. ಬ್ಯಾಸ್ಕೆಟ್‌ಬಾಲಿನವರು ಇದಕ್ಕೆ ‘ಸ್ವಿಶ್’ ಎನ್ನುತ್ತಾರೆ. ಚೆಂಡು ಬಲೆಯನ್ನಷ್ಟೇ ಸವರಿಕೊಂಡು ಇಳಿಯುವ ಸದ್ದೇ ಅದರ ಹೆಸರು. ಏನಕ್ಕೂ ತಾಗದೆ ಹೊರಗೆ ಬಿದ್ದರೆ ‘ಏರ್ ಬಾಲ್’. ನೋಡುವವರು ಅದನ್ನೇ ರಾಗವಾಗಿ ಕೂಗಿ ಮಾನ ಕಳೆಯುತ್ತಾರೆ. ಕಾಲೇಜು ತಂಡದಲ್ಲಿ ಆಡುವ ಮಗಳು ಸುಮಾಗೆ ಈ ವ್ಯತ್ಯಾಸ ಹೇಳಿಕೊಟ್ಟವನು ನಾನೇ. ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿದ್ದದ್ದೂ ಈ ಒಂದು ವಿಷಯದಲ್ಲಿ.

ಮೊನ್ನೆ ನವಾಜ್ ಬಂದ. ಆ ಪಂದ್ಯದಲ್ಲಿ ನಮ್ಮ ತಂಡದವನು, ರಿಂಗಿನ ಕೆಳಗೇ ನಿಂತಿದ್ದವನು. ಈಗ ಹೊಸದುರ್ಗದಲ್ಲಿ ಸೋಫಾ ಹೊಲಿಯುವ ಅಂಗಡಿ ಇಟ್ಟಿದ್ದಾನೆ. ರೆಕ್ಸಿನ್ ಕೊಳ್ಳಲು ಚಿತ್ರದುರ್ಗಕ್ಕೆ ಬಂದವನು ಮನೆಗೂ ಬಂದ. ಸುಮಾ ಕಾಫಿ ಕೊಟ್ಟು, “ಅಂಕಲ್, ಅಪ್ಪನ ಸ್ವಿಶ್ ಹೆಂಗಿತ್ತು?” ಎಂದಳು.

“ಸ್ವಿಶ್ಶಾ? ಆ ರಿಂಗಿಗೆ ಬಲೆ ಎಲ್ಲಿತ್ತಮ್ಮ! ಬರೀ ಕಬ್ಬಿಣ.”

“ಲೇ, ಒಳಗೆ ಹೋಗಿದ್ದು ನೀನೇ ನೋಡಿದ್ಯಲ್ಲೋ!” ಎಂದೆ.

“ಕಣ್ಣಿಗೆ ಬಿಸಿಲು ಹೊಡೀತಿತ್ತಪ್ಪ. ಏನಕ್ಕೂ ತಾಗ್ಲಿಲ್ಲ, ಅದಂತೂ ನಿಜ. ಒಳಗೋ ಹೊರಗೋ ಗೊತ್ತಾಗ್ಲಿಲ್ಲ. ಇರಲಿ ಅಂತ ‘ಬಿತ್ತು!’ ಅಂದು ಕುಣಿದೆ. ರೆಫ್ರಿ ನನ್ನ ನೋಡಿ ಪಾಯಿಂಟ್ ಕೊಟ್ಟ.”

ಅಡುಗೆಮನೆಯಿಂದ ಹೆಂಡತಿ, “ಅವ್ರು ಒಂದಿನ ಕುಣಿದ್ರು. ನೀವು ಇಷ್ಟು ವರ್ಷ ನಮ್ಮನ್ನ ಕುಣಿಸಿದ್ರಲ್ರೀ!” ಎಂದಳು.

ನನ್ನನ್ನು ಕಾಡಿದ್ದು ಬೇರೆಯೇ ವಿಷಯ. ಬಲೆಯ ಸದ್ದು ನನ್ನ ಕಿವಿಯಲ್ಲಿ ಇಂದಿಗೂ ಇದೆ. ಬಲೆಯೇ ಇರದಿದ್ದರೆ ಅದು ಎಲ್ಲಿಂದ ಬಂತು?

“ನಮ್ ಕಾಲೇಜಿನ ರಿಂಗಿಗೆ ಬಲೆ ಐತೆ, ಬಾರಪ್ಪ,” ಎಂದು ಮರುದಿನ ಬೆಳಿಗ್ಗೆ ಸುಮಾ ನನ್ನನ್ನು ಎಳೆದುಕೊಂಡು ಹೋದಳು. ಅದೇ ದೂರ, ಅದೇ ಭಂಗಿ. ಕಣ್ಣು ಕಿರಿದುಮಾಡಿ ಎಸೆದೆ. ಚೆಂಡು ಏನಕ್ಕೂ ತಾಗಲಿಲ್ಲ.

“ಏ...ರ್ ಬಾಲ್!”

“ಬಲೆ ಅಲ್ಲಾಡಿತಲ್ಲಮ್ಮ!”

“ಗಾಳಿಗೆ, ಅಪ್ಪ.”

ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದದ್ದು ನಿಜ. ಸದ್ಯಕ್ಕೆ ಅವಳ ತೀರ್ಪನ್ನು ಒಪ್ಪಿದ್ದೇನೆ. ಒಂದಿಷ್ಟು ವರ್ಷ ಕಳೆಯಲಿ, ಆ ಬಲೆ ಯಾವುದಕ್ಕೆ ಅಲ್ಲಾಡಿತೆಂದು ನನಗೆ ಸ್ಪಷ್ಟವಾಗಿ ನೆನಪಾಗುತ್ತದೆ.